ಸೀಗಿ ಹುಣ್ಣಿಮೆಯ ಎರಡು ತಾಸು ಹತ್ತು ನಿಮಿಷ

ಆಕೆ ಸತ್ತ ಸುದ್ದಿಯನ್ನು ನನಗೆ ತಿಳಿಸಿದ್ದು ಕುಷ್ಟಗಿ ಕ್ರಾಸಿನ ಒಬ್ಬ ಟ್ರ್ಯಾಕ್ಟರ್ ಡ್ರೈವರ್. ಫೋನಿನಲ್ಲಿ ಆತ ಹೇಳಿದ ಮೊದಲ ಮಾತು ‘ಸರ, ನಮ್ಮ ಮಿಲಿಟ್ರಿ ಬಾಯಾರು ಹೋಗಿಬಿಟ್ರು’ ಎಂಬುದು. ಎರಡನೆಯದು, ಹೋದ ದಿನ ಬೆಳಿಗ್ಗೆಯೂ ತನಗೆ ಬೈದಿದ್ದರು ಎಂಬುದು. ಯಾಕೆ ಬೈದರು ಎಂದು ಕೇಳಿದೆ. ಇಂಜಿನ್ ಆಯಿಲ್ ಬದಲಿಸದೆ ಒಂದು ಇಡೀ ಹಂಗಾಮು ಗಾಡಿ ಓಡಿಸಿದ್ದನಂತೆ. ಹಾಗಾದರೆ ಬೈದದ್ದು ಸರಿಯೇ. ಕೊನೆಯ ದಿನವೂ ಬೈಯುವಷ್ಟು ಶಕ್ತಿ ಇತ್ತು ಎಂದರೆ ಹೆಚ್ಚು ನರಳಲಿಲ್ಲ ಎಂದು ಅರ್ಥ ಮಾಡಿಕೊಂಡು ಫೋನ್ ಇಟ್ಟೆ.

ಆಕೆ ಮಿಲಿಟ್ರಿಯಲ್ಲಿ ಒಂದು ದಿನವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆಯ ಜನಕ್ಕೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಗಂಗಾವತಿಯಿಂದ ಯಲಬುರ್ಗಾದವರೆಗೆ ಯಾರನ್ನೇ ಕೇಳಿ, ಆಕೆ ಮಿಲಿಟ್ರಿ ವಿಮಾನ ಹಾರಿಸಿದ ಮೊದಲ ಹೆಣ್ಣುಮಗಳು. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಆಕೆ ಪಾಕಿಸ್ತಾನದ ಮೇಲೆ ಬಾಂಬು ಹಾಕಿ ಬಂದದ್ದನ್ನು ನನಗೇ ವಿವರಿಸಿದ್ದ. ಆಕೆ ಹಾಕಿದ್ದು ಭತ್ತದ ಜಿಗಿಹುಳದ ಮೇಲೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕಾಲುವೆ ನೀರಿನ ಗದ್ದೆಗಳಿಗೆ ವಿಮಾನದಿಂದ ಎಣ್ಣೆ ಹೊಡೆಸುತ್ತಿದ್ದರು. ಹುಳಕ್ಕೆ ಹೊಡೆಯುವ ವಿಷಕ್ಕೆ ನಮ್ಮಲ್ಲಿ ಎಣ್ಣೆ ಎಂದೇ ಹೆಸರು. ಆಗ ನವಲಿ ಸುತ್ತಿನ ಹಳ್ಳಿಗಳಿಗೆ ನಾನು ಗ್ರಾಮಸೇವಕ. ಸೇವೆ ಎಷ್ಟು ಮಾಡಿದೆನೋ ಗೊತ್ತಿಲ್ಲ, ಸೈಕಲ್ ಮಾತ್ರ ಬಹಳ ತುಳಿದೆ.

ವಿಮಾನ ಬರುತ್ತದೆ ಎಂದು ಮೇಲಿನಿಂದ ಆದೇಶ ಬಂದಾಗ ಕಾಲುವೆಯ ಪಕ್ಕ ನೆಲ ಸಮ ಮಾಡಿಸಿ, ಗಾಳಿಯ ದಿಕ್ಕು ತಿಳಿಯಲು ನನ್ನದೇ ಒಂದು ಹಳೆಯ ಧೋತರವನ್ನು ಬಿದಿರಿಗೆ ಕಟ್ಟಿಸಿದ್ದೆ. ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿ ನೆರೆದಿದ್ದವು. ಹಳದಿ ಬಣ್ಣದ ಸಣ್ಣ ವಿಮಾನ ಇಳಿದು ಧೂಳೆಬ್ಬಿಸಿ ನಿಂತಿತು. ಒಳಗಿನಿಂದ ಖಾಕಿ ಅಂಗಿ, ಖಾಕಿ ಪ್ಯಾಂಟು ತೊಟ್ಟ ವ್ಯಕ್ತಿ ಇಳಿದು ಹೆಲ್ಮೆಟ್ ತೆಗೆದಾಗ ಜಡೆ ಕೆಳಗೆ ಬಿತ್ತು. ಹಾರ ಹಿಡಿದು ನಿಂತಿದ್ದ ಪಂಚಾಯ್ತಿ ಚೇರ್ಮನ್ನರು ಆಕೆಯನ್ನು ದಾಟಿ ಮುಂದೆ ಹೋಗಿ ವಿಮಾನದೊಳಗೆ ಇಣುಕಿದರು. ಒಂದು ಸುತ್ತು ಹಾಕಿ ಆ ಕಡೆಯಿಂದಲೂ ಇಣುಕಿದರು. ಒಬ್ಬರೇ ಕೂರುವ ವಿಮಾನ ಅದು. ಆಕೆ ಜೇಬಿನಿಂದ ಶೇಂಗಾ ತೆಗೆದು ಸುಲಿಯುತ್ತಾ ಹೇಳಿದಳು:

‘ಒಳಗ ಗಂಡಸು ಯಾರೂ ಇಲ್ರಿ. ಹಾರ ನನಗರ ಹಾಕ್ರಿ, ಇಲ್ಲಾಂದ್ರ ವಿಮಾನಕ್ಕರ ಹಾಕ್ರಿ. ಬಿಸಲೇರಾಕ ಹತ್ತೈತಿ.’

ಚೇರ್ಮನ್ನರು ಬಹಳ ಯೋಚಿಸಿ ವಿಮಾನದ ಪಂಖಕ್ಕೆ ಹಾಕಿದರು. ಆಕೆ ಮತ್ತೆ ಇಂಜಿನ್ ಚಾಲೂ ಮಾಡಿದಾಗ ಚೆಂಡುಹೂವು ಎಲ್ಲರ ಮೇಲೂ ಸಮನಾಗಿ ಬಿತ್ತು.

ಜನ ಬೆರಗಾದದ್ದು ಹೆಣ್ಣು ವಿಮಾನ ಓಡಿಸುತ್ತಾಳೆ ಎಂಬುದಕ್ಕಿಂತ, ವಿಮಾನ ಓಡಿಸುವವಳು ಯಲಬುರ್ಗಾ ಸೀಮೆಯ ಮಾತಾಡುತ್ತಾಳೆ ಎಂಬುದಕ್ಕೆ. ಆಕೆಯ ಊರು ಯಲಬುರ್ಗಾ ತಾಲ್ಲೂಕಿನ ಒಂದು ಎರೆಭೂಮಿಯ ಹಳ್ಳಿ. ಮನೆಯಲ್ಲಿ ಜೋಳ ಬೆಳೆಯುತ್ತಿದ್ದರು. ತಂದೆ ಮಾತ್ರ ಮಿಲಿಟ್ರಿಯಲ್ಲಿ ಲಾರಿ ಓಡಿಸಿ ಬಂದವರು. ಅವರೊಮ್ಮೆ ಹಿಮದ ಬೆಟ್ಟದಲ್ಲಿ ದಾರಿ ಮುಚ್ಚಿ, ಜೊತೆಯವರೊಡನೆ ಅನ್ನವಿಲ್ಲದೆ ಸಿಕ್ಕಿಬಿದ್ದಿದ್ದರಂತೆ. ಮೂರನೆಯ ದಿನ ವಾಯುಪಡೆಯ ವಿಮಾನ ಬಂದು ಮೇಲಿನಿಂದ ಅಕ್ಕಿ, ಬೇಳೆ ಚೆಲ್ಲಿ ಹೋಯಿತು. ಮೊದಲ ಆಲೂಗಡ್ಡೆ ಚೀಲ ಹವಾಲ್ದಾರನ ಡೇರೆಯ ಮೇಲೆ ಬಿದ್ದು ಡೇರೆ ಹರಿದು, ಹವಾಲ್ದಾರ ಅಳುತ್ತಲೂ ನಗುತ್ತಲೂ ಆಲೂಗಡ್ಡೆ ಆರಿಸಿದನಂತೆ. ಈ ಕತೆಯನ್ನು ಆಕೆ ನನಗೆ ಹತ್ತಾರು ಸಲ ಹೇಳಿದ್ದಳು, ಪ್ರತಿ ಸಲವೂ ಚೀಲ ದೊಡ್ಡದಾಗುತ್ತಿತ್ತು. ಆ ಅನ್ನ ಚೆಲ್ಲುವ ವಿಮಾನ ತಾನು ಹಾರಿಸಬೇಕು, ಇದೊಂದೇ ಆಕೆಯ ತಲೆಯಲ್ಲಿದ್ದದ್ದು. ಧಾರವಾಡದಲ್ಲಿ ಎನ್‌ಸಿಸಿ ಸೇರಿದಳು, ಬೆಂಗಳೂರಿನಲ್ಲಿ ವಿಮಾನ ಕಲಿತಳು, ಲೈಸೆನ್ಸು ಪಡೆದಳು. ಆಮೇಲೆ ತಿಳಿಯಿತು, ಮಿಲಿಟ್ರಿ ವಿಮಾನಕ್ಕೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದು. ಮೊದಲೇ ಯಾರಾದರೂ ಹೇಳಬಾರದಿತ್ತೆ ಎಂದು ನಾನು ಕೇಳಿದರೆ, ಹೇಳಿದ್ದರು, ನಾನು ಕೇಳಲಿಲ್ಲ ಎನ್ನುತ್ತಿದ್ದಳು.

ಎಣ್ಣೆ ಹೊಡೆಯುವ ಕ್ರಮ ಹೀಗಿತ್ತು. ಗದ್ದೆಯ ಆ ತುದಿಗೊಬ್ಬ, ಈ ತುದಿಗೊಬ್ಬ ಬಿಳಿ ಬಾವುಟ ಎತ್ತಿ ಹಿಡಿದು ನಿಲ್ಲಬೇಕು. ಆಕೆ ಎರಡು ಬಾವುಟಗಳ ನಡುವಿನ ಗೆರೆಯ ಮೇಲೆ, ಭತ್ತದ ತೆನೆಗಿಂತ ಹತ್ತಡಿ ಎತ್ತರದಲ್ಲಿ ಹಾರಿ ಬರುವಳು. ಇನ್ನೇನು ತಲೆಗೆ ಬಡಿಯಿತು ಎನ್ನುವಾಗ ನಾವು ಗಾಳಿಗೆ ಎದುರಾಗಿ ಇಪ್ಪತ್ತು ಹೆಜ್ಜೆ ಓಡಿ ಮತ್ತೆ ನಿಲ್ಲಬೇಕು. ಈ ತುದಿಯ ಬಾವುಟ ನನ್ನದು. ಮೊದಲ ದಿನ ನಾನು ಬಾವುಟ ಬಿಟ್ಟು ಕಾಲುವೆಗೆ ಹಾರಿದೆ. ಆಕೆ ಇಳಿದು ಬಂದು ಒದ್ದೆಯಾದ ನನ್ನನ್ನು ನೋಡಿ, ನಾಳೆಯಿಂದ ಈಜು ಬರುವ ಗ್ರಾಮಸೇವಕರನ್ನು ಕೊಡಿ ಎಂದು ಮೇಲಿನವರಿಗೆ ಬರೆಯುತ್ತೇನೆ ಅಂದಳು. ಮೂರನೆಯ ದಿನಕ್ಕೆ ನನಗೆ ಧೈರ್ಯ ಬಂದಿತ್ತು. ಎರಡನೆಯ ವರ್ಷಕ್ಕೆ ಆಕೆಯ ಮೇಲೆ ನನಗಿದ್ದ ನಂಬಿಕೆ ನನ್ನ ಹೆಂಡತಿಯ ಕಣ್ಣಿಗೆ ಬೀಳುವಷ್ಟಾಗಿತ್ತು. ಅದು ಬರೀ ನಂಬಿಕೆಯೇ ಎಂದು ಮನೆಯಲ್ಲಿ ವಿವರಿಸಲು ಇನ್ನೊಂದು ವರ್ಷ ಹಿಡಿಯಿತು.

ಗದ್ದೆಯ ಬದುವಿನ ಮೇಲೆ ಕಾಲು ಚಾಚಿ ಕೂತು ಶೇಂಗಾ ತಿನ್ನುವುದು ಆಕೆಯ ವಿಶ್ರಾಂತಿ. ಹೆಂಗಸರು ಸುತ್ತ ಕೂತು ಮದುವೆ ಯಾಕಾಗಿಲ್ಲ ಎಂದು ವಿಚಾರಿಸುತ್ತಿದ್ದರು. ಬಂದ ವರಗಳೆಲ್ಲ ಕೆಳಗಿನಿಂದ ನೋಡಿಯೇ ಓಡಿಹೋದರು ಎಂದು ಹೇಳುತ್ತಿದ್ದಳು. ಮೇಲೆ ಹೋದಾಗ ದೇವರು ಕಾಣುತ್ತಾನಾ ಎಂದು ಹುಲಿಗಿಗೆ ಹೊರಟಿದ್ದ ಒಬ್ಬ ಯಾತ್ರಿಕ ಕೇಳಿದ. ಹತ್ತಡಿ ಎತ್ತರಕ್ಕೆ ಕರೆಂಟಿನ ತಂತಿ ಮಾತ್ರ ಕಾಣುತ್ತದೆ, ಅದಕ್ಕೇ ಕೈ ಮುಗಿಯುತ್ತೇನೆ ಅಂದಳು. ಇದು ತಮಾಷೆಯಲ್ಲ. ಹೊಸ ಹಳ್ಳಿಗೆ ಹೋದಾಗ ಮೊದಲ ದಿನ ಆಕೆ ಹಾರುತ್ತಿರಲಿಲ್ಲ, ನನ್ನ ಸೈಕಲ್ ತೆಗೆದುಕೊಂಡು ಹೋಗಿ ಒಂದೊಂದು ಕಂಬವನ್ನೂ ಎಣಿಸಿ ಬರುತ್ತಿದ್ದಳು.

ಪ್ರತಿ ವರ್ಷ ಯುಗಾದಿ ಮುಗಿದ ಮೇಲೆ ಆಕೆ ವಾಯುಪಡೆಗೆ ಒಂದು ಅರ್ಜಿ ಬರೆಯುತ್ತಿದ್ದಳು. ಗಂಗಾವತಿಯ ಪೋಸ್ಟಾಫೀಸಿನಲ್ಲಿ ರಿಜಿಸ್ಟರ್ ಮಾಡಿಸುವುದು ನನ್ನ ಕೆಲಸ. ಅರ್ಜಿಯ ಜೊತೆ ತನ್ನ ಲಾಗ್‌ಬುಕ್ಕಿನ ನಕಲು ಇಡುತ್ತಿದ್ದಳು. ಪೈಲಟ್ಟು ಹಾರಿದ ಒಂದೊಂದು ನಿಮಿಷವನ್ನೂ ಬರೆದಿಡುವ ಪುಸ್ತಕ ಅದು. ಇವತ್ತಲ್ಲ ನಾಳೆ ಮಿಲಿಟ್ರಿಯವರಿಗೆ ಬುದ್ಧಿ ಬರುತ್ತದೆ, ಆಗ ಕೇಳುವುದು ಎರಡೇ ಮಾತು, ಎಷ್ಟು ತಾಸು ಹಾರಿದ್ದೀ, ಪುಸ್ತಕದಲ್ಲಿ ಕಲೆ ಏನಾದರೂ ಇದೆಯಾ, ಎನ್ನುತ್ತಿದ್ದಳು. ಕಲೆ ಎಂದರೆ ಶಿಕ್ಷೆಯ ಮೊಹರು. ಅದೊಂದು ಬಿದ್ದರೆ ಮುಗಿಯಿತು. ಎರಡು ತಿಂಗಳಿಗೆ ಉತ್ತರ ಬರುತ್ತಿತ್ತು, ಮಹಿಳೆಯರನ್ನು ಪೈಲಟ್ಟಾಗಿ ನೇಮಿಸಿಕೊಳ್ಳಲು ಅವಕಾಶವಿಲ್ಲ ಎಂದು ಒಂದೇ ಸಾಲು. ಆಕೆ ಅದನ್ನು ಓದಿ, ಈ ಸಲ ಟೈಪು ಮಾಡಿದವನ ಕೈ ಸುಧಾರಿಸಿದೆ ಎಂದು ಹೇಳಿ ಫೈಲಿಗೆ ಸೇರಿಸುತ್ತಿದ್ದಳು.

ಇನ್ನು ಸೀಗಿ ಹುಣ್ಣಿಮೆಗೆ ಬರುತ್ತೇನೆ.

ಆ ದಿನ ನಮ್ಮಲ್ಲಿ ಬೆಳೆ ಬಸುರಿ ಹೆಂಗಸು. ಕಡುಬು, ಹೋಳಿಗೆ, ರೊಟ್ಟಿ, ಪಲ್ಯ, ಅನ್ನ ಎಲ್ಲ ಮಾಡಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ‘ಹುಲ್ಲುಲ್ಲಿಗ್ಯೋ’ ಎಂದು ಕೂಗುತ್ತಾ ಬೆಳೆಯ ಮೇಲೆಲ್ಲ ಆ ಎಡೆಯನ್ನು ಎರಚುತ್ತಾರೆ. ಚರಗ ಚೆಲ್ಲುವುದು ಎಂದರೆ ಇದು. ಆ ವರ್ಷ ಸರಿಯಾಗಿ ಹುಣ್ಣಿಮೆಯ ಹಿಂದಿನ ದಿನವೇ ಜಿಗಿಹುಳ ನವಲಿಯ ಗದ್ದೆಗೆ ನುಗ್ಗಿತು. ಒಂದು ದಿನ ಬಿಟ್ಟರೂ ಬೆಳೆ ಸುಟ್ಟಂತಾಗುತ್ತದೆ. ಹೊಡೆಯುವುದಾದರೆ ಬೆಳಿಗ್ಗೆಯೇ ಹೊಡೆಯಬೇಕು, ಬಿಸಿಲೇರಿ ಗಾಳಿ ಎದ್ದರೆ ಎಣ್ಣೆ ಪಕ್ಕದೂರಿಗೆ ಹೋಗುತ್ತದೆ. ಆದರೆ ಹೆಂಗಸರು ರನ್‌ವೇಗೆ ಅಡ್ಡ ಕೂತರು. ಬಸುರಿಗೆ ಉಡಿ ತುಂಬುವ ದಿನ ತಲೆಯ ಮೇಲೆ ವಿಷ ಸುರಿಯುವುದುಂಟೆ? ಚರಗ ಚೆಲ್ಲುವವರೆಗೆ ವಿಮಾನ ಏಳಕೂಡದು. ಅವರ ಮುಂದಾಳು ದುರಗಮ್ಮ ಎಂಬ ಮುದುಕಿ. ಸ್ವಂತ ಹೊಲ ಒಂದು ಗುಂಟೆಯೂ ಇಲ್ಲ, ಆದರೆ ಊರಿನ ಎಲ್ಲ ಹೊಲಗಳಲ್ಲಿ ನಾಟಿ ಹಚ್ಚಿದವಳು. ಇಡೀ ಊರಿನ ಗದ್ದೆಗೆ ನಡೆದು ಚೆಲ್ಲಿ ಮುಗಿಸಲು ಸಂಜೆಯಾಗುತ್ತದೆ. ನಾನು ಸರ್ಕಾರದ ಪರವಾಗಿ ಎರಡು ಮಾತಾಡಿದೆ. ನನ್ನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಕೆ ಮುದುಕಿಯ ಎದುರು ನೆಲದ ಮೇಲೆ ಕೂತಳು. ಬಸುರಿಗೆ ಜ್ವರ ಬಂದರೆ ಕಹಿ ಔಷಧ ಕೊಡುತ್ತೀರೋ ಇಲ್ಲವೋ ಎಂದು ಕೇಳಿದಳು. ಕೊಡುತ್ತೇವೆ, ಉಣಿಸಿದ ಮೇಲೆ ಕೊಡುತ್ತೇವೆ ಎಂದಳು ದುರಗಮ್ಮ. ಹಾಗಾದರೆ ಮೊದಲು ನಾನೇ ಮೇಲಿನಿಂದ ಉಣಿಸುತ್ತೇನೆ, ಆಮೇಲೆ ನಾನೇ ಔಷಧ ಕುಡಿಸುತ್ತೇನೆ, ಎಲ್ಲ ಎರಡು ತಾಸಿನ ಕೆಲಸ ಎಂದಳು ಈಕೆ. ಮುದುಕಿ ಸ್ವಲ್ಪ ಹೊತ್ತು ವಿಮಾನವನ್ನು ನೋಡಿ ಒಪ್ಪಿದಳು. ಚೇರ್ಮನ್ನರು ಉತ್ಸಾಹದಿಂದ ಒಂದು ಬುಟ್ಟಿ ಕಡುಬನ್ನು ವಿಮಾನದ ಎಣ್ಣೆಯ ತೊಟ್ಟಿಗೇ ಸುರಿಯಲು ಹೋದರು. ಹಕ್ಕಿ, ನಾಯಿ, ಚೇರ್ಮನ್ನರು ಎಲ್ಲ ಒಟ್ಟಿಗೆ ಸಾಯುತ್ತೀರಿ ಎಂದು ಆಕೆ ಕೂಗಿ ತಡೆದಳು. ಕೊನೆಗೆ ಒಂದು ದೊಡ್ಡ ಚೀಲವನ್ನು ಆಕೆಯ ಮಡಿಲಿಗೇ ಕಟ್ಟುವುದೆಂದಾಯಿತು. ಮದುವೆಯಾಗದವಳಿಗೆ ಉಡಿ ತುಂಬಬಹುದೇ ಎಂದು ಯಾರೋ ತಕರಾರು ತೆಗೆದರು.

‘ಹೊಲದ ಹೊಟ್ಟಿ ತುಂಬಸಾಕ ಹೊಂಟ ಮಗಳಿಗೆ ಉಡಿ ತುಂಬಾಕ ಗಂಡ ಯಾಕ ಬೇಕವ್ವ?’ ಎಂದಳು ದುರಗಮ್ಮ. ಖಾಕಿ ಪ್ಯಾಂಟಿನ ಮೇಲೆ ಚೀಲ ಕಟ್ಟಿ, ಕಡುಬು, ಹೋಳಿಗೆ, ಬುತ್ತಿ ತುಂಬಿ, ಹಣೆಗೆ ಕುಂಕುಮ ಹಚ್ಚಿ ಕಳಿಸಿದಳು.

ನಾನು ಬಾವುಟ ಹಿಡಿದು ನಿಂತೆ. ಆಕೆ ಎಡಗಡೆಯ ಕಿಟಕಿ ತೆಗೆದು ಹಾರಿ ಬಂದಳು. ನನ್ನ ತಲೆಯ ಮೇಲೆ ಹಾದು ಹೋಗುವಾಗ ಆಕೆಯ ಕೈ ಹೊರಗಿತ್ತು, ಬಾಯಿ ತೆರೆದಿತ್ತು. ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ, ಆದರೆ ‘ಹುಲ್ಲುಲ್ಲಿಗ್ಯೋ’ ಎನ್ನುತ್ತಿದ್ದಳು ಎಂದು ಆಣೆ ಮಾಡಿ ಹೇಳಬಲ್ಲೆ. ಗದ್ದೆಯ ಮೇಲೆಲ್ಲ ಅನ್ನ ಬಿತ್ತು. ಕೆಳಗೆ ನಿಂತ ಹೆಂಗಸರು ಸೆರಗೊಡ್ಡಿಕೊಂಡು ಕೂಗುತ್ತಿದ್ದರು. ನನಗೆ ಕಣ್ಣು ತುಂಬಿ ಬಂದು ಬಾವುಟ ತಪ್ಪು ಕಡೆಗೆ ವಾಲಿತು. ಆಕೆ ಬಾವುಟ ನಂಬಿ ಆ ಕಡೆಗೇ ತಿರುಗಿದಳು. ಆ ಕಡೆಯ ರಸ್ತೆಯಲ್ಲಿ ರಾಯಚೂರಿನಿಂದ ತಪಾಸಣೆಗೆ ಬಂದ ಒಬ್ಬ ದೊಡ್ಡ ಸಾಹೇಬರ ಜೀಪು ಬರುತ್ತಿತ್ತು. ಒಂದು ಕಡುಬು ಅದರ ಮುಂದಿನ ಗಾಜಿಗೆ ಬಡಿದು ಗಾಜು ಬಿರಿಯಿತು. ನವಲಿಯ ಕಡುಬು ಅಷ್ಟು ಗಟ್ಟಿ ಎಂದು ನಮಗೂ ಅವತ್ತೇ ಗೊತ್ತಾದದ್ದು.

ಆಮೇಲೆ ಆಕೆ ಇಳಿದು, ತೊಟ್ಟಿ ತುಂಬಿಸಿಕೊಂಡು, ಹುಳಕ್ಕೆ ಎಣ್ಣೆ ಹೊಡೆದು ಕೆಲಸ ಮುಗಿಸಿದಳು. ಬೆಳೆ ಉಳಿಯಿತು. ಲಾಗ್‌ಬುಕ್ಕಿನಲ್ಲಿ ಎಲ್ಲ ಸೇರಿಸಿ ಎರಡು ತಾಸು ಹತ್ತು ನಿಮಿಷ ಎಂದು ಬರೆದುಕೊಂಡಳು.

ಸಾಹೇಬರು ದೂರು ಕೊಟ್ಟರು. ಹಾರುವ ವಿಮಾನದಿಂದ ವಸ್ತು ಎಸೆಯುವುದು ಕಾನೂನಿಗೆ ವಿರುದ್ಧ. ದೂರು ಮೇಲೆ ಮೇಲೆ ಹೋಗಿ, ವಿಮಾನ ಇಲಾಖೆಯಿಂದ ಒಬ್ಬ ವಿಚಾರಣಾಧಿಕಾರಿ ಬರುವುದೆಂದಾಯಿತು. ಲೈಸೆನ್ಸು ಅಮಾನತಾದರೆ ಪುಸ್ತಕಕ್ಕೆ ಮೊಹರು ಬೀಳುತ್ತದೆ, ಆಮೇಲೆ ಮಿಲಿಟ್ರಿಯ ಮಾತೇ ಇಲ್ಲ. ಇದು ಆಕೆಗೂ ಗೊತ್ತು, ನನಗೂ ಗೊತ್ತು. ಆಗ ನಾನು ಒಂದು ಜಾಣತನ ಮಾಡಿದೆ. ನಮ್ಮ ಸೀಮೆಯಲ್ಲಿ ನಿಜಾಮನ ಪೊಲೀಸ್ ಅಮೀನರ ಕಾಲದಿಂದ ಒಂದು ರೂಢಿಯಿದೆ. ಯಾವ ಅಧಿಕಾರಿ ಬಂದು ನಮ್ಮವರ ಬಗ್ಗೆ ಏನು ಕೇಳಿದರೂ, ಏನೂ ಆಗಿಲ್ಲ, ಯಾರೂ ಬಂದಿಲ್ಲ, ನಾವು ನೋಡಿಲ್ಲ ಎನ್ನುವುದು. ಊರಿಗೆ ಊರೇ ಒಂದೇ ಮಾತು. ನಾನು ಮನೆಮನೆಗೆ ಹೋಗಿ, ಹಾಗೇ ಹೇಳಿ ಎಂದು ಹೇಳಿ ಬಂದೆ. ಹೇಳುವ ಅಗತ್ಯವಿರಲಿಲ್ಲ, ಅವರು ಆಗಲೇ ತೀರ್ಮಾನಿಸಿದ್ದರು.

ಅಧಿಕಾರಿ ತೆಳ್ಳಗಿನ, ಮೃದು ಮಾತಿನ ಮನುಷ್ಯ. ಆತನ ಹಿಂದಿಗೂ ನಮ್ಮವರ ಮಾತಿಗೂ ನಡುವೆ ನಾನೇ ದುಭಾಷಿ. ಶಾಲೆಯ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಕೇಳಿದ. ಹುಣ್ಣಿಮೆಯ ದಿನ ವಿಮಾನದಿಂದ ಏನಾದರೂ ಎಸೆದರೇ? ವಿಮಾನ ಬಂದಿರಲೇ ಇಲ್ಲ ಎಂದರು ಚೇರ್ಮನ್ನರು. ನಲವತ್ತು ಜನ ಹಾಗೇ ಅಂದರು. ದುರಗಮ್ಮ ಇನ್ನೂ ಮುಂದೆ ಹೋಗಿ, ವಿಮಾನ ಎಂದರೆ ಏನು ಎಂದು ಕೇಳಿದಳು. ಆಗ ವಿಮಾನ ಅವಳ ಬೆನ್ನ ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು.

ಅಧಿಕಾರಿ ನಗಲಿಲ್ಲ. ಲಾಗ್‌ಬುಕ್ ತೆರೆದು ಆಕೆಯ ಮುಂದಿಟ್ಟ. ಮೆಲ್ಲಗೆ ಹೇಳಿದ, ಇಷ್ಟು ಜನ ವಿಮಾನ ಹಾರಿಲ್ಲ ಎನ್ನುತ್ತಿದ್ದಾರೆ. ನೀವು ಬೇರೆ ದಿನದ ಹಾರಾಟವನ್ನು ಈ ತಾರೀಖಿಗೆ ತಪ್ಪಾಗಿ ಬರೆದಿರಬಹುದು. ಈ ಸಾಲಿನ ಮೇಲೆ ಒಂದು ಗೆರೆ ಎಳೆದು, ತಪ್ಪು ನಮೂದು ಎಂದು ಸಹಿ ಮಾಡಿ. ಹಾರಾಟವೇ ಇಲ್ಲವೆಂದ ಮೇಲೆ ಎಸೆದದ್ದೂ ಇಲ್ಲ. ಜೀಪಿನ ಗಾಜಿಗೆ ರಸ್ತೆಯ ಕಲ್ಲು ಸಿಡಿದಿರಬಹುದು. ನಾನು ಫೈಲು ಮುಚ್ಚುತ್ತೇನೆ.

ದೇವರಂಥ ಮನುಷ್ಯ. ನಾನು ಪೆನ್ನಿನ ಕ್ಯಾಪು ತೆಗೆದು ಆಕೆಯ ಕೈಗೆ ಕೊಟ್ಟೆ. ಆಕೆ ಪೆನ್ನು ಹಿಡಿದು ಆ ಸಾಲನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಕ್ಯಾಪು ಹಾಕಿ ನನಗೆ ವಾಪಸು ಕೊಟ್ಟಳು.

‘ಗ್ರಾಮಸೇವಕ್ರ, ಇವರಿಗೆ ಸರಿಯಾಗಿ ತಿಳಿಸಿ ಹೇಳ್ರಿ. ಈ ಪುಸ್ತಕದಾಗ ಎಷ್ಟು ತಾಸು ಐತಿ, ಅಷ್ಟೂ ನಾ ವಿಷ ಚೆಲ್ಲೀನಿ. ಅನ್ನ ಚೆಲ್ಲಿದ್ದು ಇದೊಂದ ದಿನ. ಇದನ್ನ ಹೊಡದ ಹಾಕಂದ್ರ ಹೆಂಗ್ರಿ? ಹಾರಿದ್ದು ಖರೆ, ಚೆಲ್ಲಿದ್ದು ಖರೆ. ಕಡುಬು ಬಿದ್ದದ್ದೂ ಖರೆ.’

ನಾನು ಇದನ್ನು ತರ್ಜುಮೆ ಮಾಡಲಿಲ್ಲ. ಆಕೆ ತಾನೇ ಹಿಂದಿಯಲ್ಲಿ ಹೇಳಿದಳು. ಬಾವುಟ ತಪ್ಪು ಕಡೆ ವಾಲಿದ್ದನ್ನು ಮಾತ್ರ ಹೇಳಲಿಲ್ಲ.

ಆರು ತಿಂಗಳು ಅಮಾನತು. ಪುಸ್ತಕದಲ್ಲಿ ಆ ಸಾಲಿನ ಪಕ್ಕ ಕೆಂಪು ಮೊಹರು ಬಿತ್ತು. ಎಣ್ಣೆ ಹೊಡೆಯುವ ಗುತ್ತಿಗೆ ಹಿಡಿದಿದ್ದ ವಿಮಾನ ಕಂಪನಿಯವರು ಬೇರೆ ಪೈಲಟ್ಟನ್ನು ತಂದರು, ಆರು ತಿಂಗಳ ನಂತರವೂ ಆಕೆಯನ್ನು ಕರೆಯಲಿಲ್ಲ. ನನಗೆ ಆಕೆಯ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಒಂದು ಗೆರೆ ಎಳೆಯಲು ಬಾರದವಳು ಯಾವ ಸೀಮೆ ಓದಿದವಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಸಿಟ್ಟು ನನ್ನ ಮೇಲೇ ಎಂದು ಒಪ್ಪಿಕೊಳ್ಳಲು ಬಹಳ ವರ್ಷ ಬೇಕಾಯಿತು.

ಮರುವರ್ಷ ಯುಗಾದಿ ಮುಗಿದ ಮೇಲೆ ಆಕೆ ಗಂಗಾವತಿಗೆ ಬಂದು ಮತ್ತೆ ಅರ್ಜಿ ಕೊಟ್ಟಳು. ಮೊಹರು ಬಿದ್ದ ಪುಟದ ನಕಲನ್ನೂ ಇಟ್ಟಿದ್ದಳು, ಅದೂ ಎಲ್ಲಕ್ಕಿಂತ ಮೇಲೆ. ನಾನು ಬೇಡ ಎಂದೆ, ಕೇಳಲಿಲ್ಲ. ಎರಡು ತಿಂಗಳಿಗೆ ಉತ್ತರ ಬಂತು. ಅದೇ ಒಂದು ಸಾಲು, ಮಹಿಳೆಯರನ್ನು ಪೈಲಟ್ಟಾಗಿ ನೇಮಿಸಿಕೊಳ್ಳಲು ಅವಕಾಶವಿಲ್ಲ. ಮೊಹರಿನ ಸುದ್ದಿಯೇ ಇಲ್ಲ. ಅಷ್ಟು ವರ್ಷ ಅವರು ಹೆಸರಿನಾಚೆಗೆ ಏನನ್ನೂ ಓದಿರಲಿಲ್ಲ. ಆಕೆ ಕಾಗದ ಹಿಡಿದು ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಹೆಂಡತಿ ಗಾಬರಿಯಾಗಿ ಚಹಾ ತಂದಳು.

‘ಕಲೆ ಬಿದ್ದದ್ದನ್ನ ಯಾರೂ ನೋಡೇ ಇಲ್ರಿ. ನೀವು ಸುಮ್ಮ ನಿದ್ದಿಗೆಟ್ರಿ ನೋಡ್ರಿ’ ಎಂದಳು. ಆ ನಗುವಿನ ಕೊನೆಯ ಭಾಗ ನಗುವಾಗಿರಲಿಲ್ಲ. ನಾವಿಬ್ಬರೂ ಚಹಾ ಕುಡಿದೆವು.

ಆಮೇಲೆ ಕುಷ್ಟಗಿ ಕ್ರಾಸಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಹಾಕಿದಳು. ವಿಮಾನದ ಇಂಜಿನ್ನೂ ಟ್ರ್ಯಾಕ್ಟರಿನ ಇಂಜಿನ್ನೂ ದಾಯಾದಿಗಳು, ಒಂದಕ್ಕೆ ಸೊಕ್ಕು ಹೆಚ್ಚು ಅಷ್ಟೇ ಎನ್ನುತ್ತಿದ್ದಳು. ಅದೇ ಖಾಕಿ, ಅದೇ ಶೇಂಗಾ. ಒಮ್ಮೆ ಹೆದ್ದಾರಿಯಲ್ಲಿ ಮಿಲಿಟ್ರಿ ಲಾರಿಗಳ ಸಾಲು ಹೋಗುವಾಗ ಒಂದು ಕೆಟ್ಟು ನಿಂತಿತು. ಆಕೆ ಅರ್ಧ ತಾಸಿನಲ್ಲಿ ಚಾಲೂ ಮಾಡಿಕೊಟ್ಟಳು. ಜವಾನರು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದು ಹೋದರು. ಜನ ಅದನ್ನು ನೋಡಿದರು, ಮಿಲಿಟ್ರಿ ಬಾಯಿ ಎಂಬ ಹೆಸರು ಅಲ್ಲಿಗೆ ಗಟ್ಟಿಯಾಯಿತು. ನಾನು ಹೋದಾಗ, ಅಂತೂ ದೇಶಸೇವೆ ಆಯಿತು, ಮಣ್ಣೆಣ್ಣೆಯಲ್ಲಿ ಕೈ ತೊಳೆದೆ ಎಂದಳು. ಹೆಂಗಸರನ್ನು ಮಿಲಿಟ್ರಿ ವಿಮಾನಕ್ಕೆ ತೆಗೆದುಕೊಳ್ಳುತ್ತಾರೆ ಎಂದು ಪೇಪರಿನಲ್ಲಿ ಬಂದಾಗ ಆಕೆಯ ಕೂದಲು ಹಣ್ಣಾಗತೊಡಗಿತ್ತು. ನಾನು ಪೇಪರು ಒಯ್ದು ತೋರಿಸಿದೆ. ಎರಡು ಸಲ ಓದಿದಳು. ಆ ಪುಟವನ್ನು ಹರಿದು, ಹಳೆಯ ಉತ್ತರಗಳ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟು, ಮತ್ತೆ ಟ್ರ್ಯಾಕ್ಟರಿನ ಕೆಳಗೆ ಹೋಗಿ ಮಲಗಿದಳು. ಅವತ್ತು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆಕೆ ಹೋದ ನಾಲ್ಕನೆಯ ದಿನಕ್ಕೆ ಸೀಗಿ ಹುಣ್ಣಿಮೆ. ಯಾಕೋ ಮನೆಯಲ್ಲಿ ನಿಲ್ಲಲಾಗದೆ ಬಸ್ಸು ಹತ್ತಿ ನವಲಿಗೆ ಹೋದೆ. ದುರಗಮ್ಮ ಹೋಗಿ ಎಷ್ಟೋ ಕಾಲವಾಗಿದೆ. ಅವಳ ಮರಿಮೊಮ್ಮಗಳು ಬುಟ್ಟಿ ಹೊತ್ತು ಗದ್ದೆಗೆ ಹೊರಟಿದ್ದಳು, ನಾನೂ ಹಿಂದೆ ನಡೆದೆ. ಬೇರೆ ಊರಿನಲ್ಲೆಲ್ಲ ಚರಗವನ್ನು ಬೆಳೆಯ ಮೇಲೆ ಎರಚುತ್ತಾರೆ. ನವಲಿಯಲ್ಲಿ ಮಾತ್ರ ಈಗಲೂ ಮೊದಲ ಹಿಡಿಯನ್ನು ನೆಟ್ಟಗೆ ಆಕಾಶಕ್ಕೆ ಎಸೆಯುತ್ತಾರೆ. ಯಾಕೆ ಹೀಗೆ ಎಂದು ಕೇಳಿದೆ. ಗೊತ್ತಿಲ್ಲರಿ, ಮೊದಲಿನಿಂದ ಹೀಗೇ ಮಾಡುತ್ತಾರೆ, ಅನ್ನ ಮೇಲಿನಿಂದ ಬೀಳಬೇಕಂತೆ ಎಂದಳು. ‘ಹುಲ್ಲುಲ್ಲಿಗ್ಯೋ’ ಎಂದು ಕೂಗಿ ಒಂದು ಹಿಡಿ ಮೇಲಕ್ಕೆಸೆದಳು. ಅದರಲ್ಲಿದ್ದ ಒಂದು ಕಡುಬು ಬಂದು ನನ್ನ ಬೋಳು ತಲೆಯ ಮೇಲೆ ಬಿತ್ತು. ಈಗಲೂ ಅಷ್ಟೇ ಗಟ್ಟಿ.

ನಾನು ಬದುವಿನ ಮೇಲೆ ಕೂತುಬಿಟ್ಟೆ. ಆ ಹುಡುಗಿ ಓಡಿ ಬಂದಳು.

‘ಅಳಾಕ ಹತ್ತೀರಲ್ರಿ ಅಜ್ಜಾ. ಪೆಟ್ಟಾತೇನ್ರಿ?’

‘ಹೂನವ್ವ’ ಎಂದೆ, ‘ಭಾಳ ಆತು.’